ಕೂಗದ ಚರಗ

ಜನ ಬರುವುದಕ್ಕೆ ಮೊದಲು ಅವರ ಹಾಡು ಬಂತು. ಹುಮನಾಬಾದ್ ಕಡೆಯಿಂದ ಎರಡು ಕ್ರೂಸರ್ ಗಾಡಿಗಳು ಧೂಳೆಬ್ಬಿಸಿಕೊಂಡು ಬರುತ್ತಿದ್ದವು. ಗಾಡಿಗಳು ಇನ್ನೂ ದೂರದಲ್ಲಿರುವಾಗಲೇ ಒಳಗಿನ ಸ್ಪೀಕರ್ ಇಡೀ ಮೋರಖಂಡಿ ಬಯಲಿಗೆ ಕೇಳುವಂತೆ ಒದರುತ್ತಿತ್ತು. ಗೇಟಿನ ಬಳಿ ನಿಂತಿದ್ದ ಸುಮೇಧಾ ಕಣ್ಣಿಗೆ ಹಿಡಿದಿದ್ದ ದುರ್ಬೀನನ್ನು ಕೆಳಗಿಳಿಸಿದಳು. ಇನ್ನೇನು ಉಳಿದಿದೆ ನೋಡುವುದಕ್ಕೆ? ಸುತ್ತಮುತ್ತಲಿನ ಹಕ್ಕಿಗಳೆಲ್ಲ ಅಷ್ಟೊತ್ತಿಗೆ ಪರಾರಿ.

ಈ ಬಯಲನ್ನು ನೋಡಿದವರಿಗೆ ಕಾಡು ಎನ್ನಿಸುವುದೇ ಇಲ್ಲ. ಕೆಂಪು ಮೊರಂ ಕಲ್ಲುಮಣ್ಣಿನ ನೆಲ, ಮೊಣಕಾಲೆತ್ತರದ ಒಣ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಗಿಡ, ಬಾರೆ ಹಣ್ಣಿನ ಕಂಟಿ. ಮಳೆಗಾಲದ ಎರಡು ತಿಂಗಳು ಬಿಟ್ಟರೆ ವರ್ಷವಿಡೀ ಮರಳುಗಾಡಿನ ತಮ್ಮನ ಹಾಗೆ ಬಿದ್ದಿರುತ್ತದೆ. ಆದರೆ ಇಲ್ಲಿ ಕೃಷ್ಣಮೃಗವಿದೆ, ನರಿಯಿದೆ, ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳಿವೆ. ಆದ್ದರಿಂದ ಸರ್ಕಾರ ಬೇಲಿ ಹಾಕಿಸಿ, ಸಂರಕ್ಷಿತ ಪ್ರದೇಶವೆಂದು ಬೋರ್ಡು ನೆಟ್ಟು, ರಜೆಯ ದಿನಗಳಲ್ಲಿ ‘ಕುಟುಂಬ ಸಮೇತ ಪ್ರಕೃತಿ ನಡಿಗೆ’ ಎಂದು ಶುರುಮಾಡಿತ್ತು. ನಡೆಸಿಕೊಂಡು ಹೋಗುವವಳು ಮೋರಖಂಡಿಯವಳೇ ಆದ ಸುಮೇಧಾ. ಖಾಕಿ ಅಂಗಿ, ಬೂಟು, ಕೊರಳಲ್ಲಿ ದುರ್ಬೀನು, ಮೂಗಿನ ತುದಿಯಲ್ಲಿ ಸಿಟ್ಟು.

ಸಿಟ್ಟು ಬರದೆ ಏನು ಮಾಡುತ್ತದೆ? ಹಾಡು ಹಚ್ಚಬೇಡಿ, ತಿಂಡಿ ತರಬೇಡಿ, ಕಾಲಿಗೆ ಬೂಟು ಹಾಕಿಕೊಳ್ಳಿ, ಕಣ್ಣಿಗೆ ಹೊಡೆಯುವ ಬಣ್ಣ ಬೇಡ ಎಂದು ಬುಕ್ ಮಾಡಿದ ಪ್ರತಿಯೊಬ್ಬರಿಗೂ ಅವಳು ಮೆಸೇಜ್ ಕಳಿಸುತ್ತಿದ್ದಳು. ಇವತ್ತಿನ ಮಂದಿ ಗಾಡಿಯಿಂದ ಇಳಿಯುವಷ್ಟರಲ್ಲಿ ಅಷ್ಟನ್ನೂ ಮುರಿದಿದ್ದರು. ಹೆಂಗಸರೆಲ್ಲ ಕೆಂಪು, ಗಿಳಿಹಸಿರು ಇಳಕಲ್ ಸೀರೆ ಉಟ್ಟಿದ್ದರು. ಗಂಡಸರ ಕಾಲಲ್ಲಿ ಜಿರ್ ಜಿರ್ ಎನ್ನುವ ಹೊಸ ಚಪ್ಪಲಿ. ಹಿಂದಿನ ಗಾಡಿಯಿಂದ ಬುಟ್ಟಿಗಳು ಇಳಿದವು. ಬುಟ್ಟಿಯ ಹಿಂದೆ ಬುಟ್ಟಿ, ಕೊನೆಗೆ ಬಿಳಿ ಬಟ್ಟೆಯಿಂದ ಬಾಯಿ ಕಟ್ಟಿದ್ದ ಒಂದು ಅಂಬಲಿ ಗಡಿಗೆ.

ಬುಟ್ಟಿಗಳ ಅರ್ಥ ಸುಮೇಧಾಗೆ ಆಗ ಹೊಳೆಯಿತು. ಇವತ್ತು ಎಳ್ಳು ಅಮಾವಾಸ್ಯೆ. ಈ ಸೀಮೆಯ ರೈತರೆಲ್ಲ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುವ ದಿನ. ಇವತ್ತು ನಡಿಗೆ ಇಡಬೇಡಿ ಎಂದು ಅವಳು ಅರಣ್ಯ ಇಲಾಖೆಯ ಸಾಹೇಬರಿಗೆ ಹೇಳಿದ್ದಳು. ರಜೆ ಅಂದರೆ ರಜೆ ಎಂದಿದ್ದರು ಅವರು.

“ಇದೇನ್ರಿ ಇದು?” ಎಂದಳು ಗಡಿಗೆಯತ್ತ ಬೆರಳು ಮಾಡಿ.

ಬುಕ್ ಮಾಡಿದ್ದ ಶಂಕರಲಿಂಗ ಮುಂದೆ ಬಂದ. ಹುಮನಾಬಾದಿನಲ್ಲಿ ಪೈಪು, ಸಿಮೆಂಟಿನ ಅಂಗಡಿ ಇಟ್ಟಿದ್ದವನು. ಗಿರಾಕಿಯನ್ನು ಒಲಿಸುವ ನಗು ಮುಖಕ್ಕೇ ಅಂಟಿಕೊಂಡಿತ್ತು. “ಚರಗದ ಸಾಮಾನು ರಿ ಮೇಡಂ. ನಮ್ಮವ್ವಗ ಚರಗ ಚೆಲ್ಲಾಕ ನೆಲ ಬೇಕಿತ್ತು. ಅದಕ್ಕ ಬುಕ್ ಮಾಡೀನಿ. ಪಕ್ಷಿ ಗಿಕ್ಷಿ ನಮಗ್ಯಾಕ ರಿ?”

“ನಿಮ್ಮ ಹೊಲ ಇಲ್ಲೇನ್ರಿ?”

ಉತ್ತರ ಕೊಟ್ಟವಳು ಗಾಡಿಯಿಂದ ಕೊನೆಗೆ ಇಳಿದ ಮುದುಕಿ, ಶಂಕರಲಿಂಗನ ತಾಯಿ ಸಂಗಮ್ಮ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಯಾರ ಮಾತೂ ಪೂರ್ತಿ ಕೇಳುವ ಅಭ್ಯಾಸವಿಲ್ಲದ ದನಿ. “ಅದ ಬಾಯಿ, ದುಬಲಗುಂಡ್ಯಾಗ ಅದ. ಆದ್ರ ಇವ ಅದನ್ನ ಸೋಲಾರ್ ಕಂಪನಿಗಿ ಕೊಟ್ಟಾನ. ಜ್ವಾಳ ಬೆಳೀತಿದ್ದ ಹೊಲದಾಗ ಈಗ ಗಾಜಿನ ಹಲಗಿ ಬೆಳದಾವ. ಹೋದ ವರ್ಷ ಹೋದ್ರ ವಾಚ್‌ಮನ್ ನನಗ ಪಾಸ್ ಕೇಳ್ದ. ನನ್ನ ಹೊಲಕ್ಕ ನನಗ ಪಾಸ್! ಒಳಗ ಬಿಟ್ರೂ ಏನ್ ಮಾಡ್ಲಿ, ಗಾಜಿನ ಮ್ಯಾಲೆ ಭಜ್ಜಿ ಚೆಲ್ಲಲೇನು?”

ಬೇರೆ ದಿನವಾಗಿದ್ದರೆ ಸುಮೇಧಾ ನಕ್ಕುಬಿಡುತ್ತಿದ್ದಳೇನೋ. ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟ ಬಡಿಸುವುದೇ ಚರಗ. ಕಾಳು, ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಅಂಬಲಿ ಎಲ್ಲ ಕಲಸಿ ಹೊಲದ ತುಂಬ ಚೆಲ್ಲಿಕೊಂಡು ಹೋಗುತ್ತಾರೆ. ಅದು ಗುಟ್ಟಾಗಿ ನಡೆಯುವ ಕೆಲಸವೂ ಅಲ್ಲ. ಹೊಲದ ಯಜಮಾನ ಮುಂದೆ ನಡೆಯುತ್ತ ‘ಓಲಗ್ಯಾ ಓಲಗ್ಯಾ’ ಎಂದು ಗಂಟಲು ಹರಿಯುವಂತೆ ಕೂಗಬೇಕು, ಹಿಂದೆ ಬರುವ ಆಳುಮಕ್ಕಳು ‘ಚಲ್ಲಂ ಪೊಲಗ್ಯಾ’ ಎಂದು ಅದಕ್ಕಿಂತ ಜೋರಾಗಿ ಓಗೊಡಬೇಕು.

ಸುಮೇಧಾ ಹೆದರಿದ್ದು ಆ ಕೂಗಿಗೆ. ಬಯಲಿನ ಪಡುವಣ ಅಂಚಿನಲ್ಲಿ ಮಳೆನೀರು ಕೊರೆದ ಒಂದು ಒಣ ನಾಲೆ ಇದೆ. ಅದರ ದಂಡೆಯ ಪೊಟರೆಯಲ್ಲಿ ಒಂದು ತೋಳ ಮರಿ ಹಾಕಿತ್ತು. ಗೊತ್ತಿದ್ದದ್ದು ಸುಮೇಧಾಗೆ ಮತ್ತು ಸಾಹೇಬರಿಗೆ ಮಾತ್ರ. ತಾಯಿ ತೋಳ ಬೆದರಿದರೆ ಹಾಡುಹಗಲೇ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತದೆ. ಊರ ನಾಯಿಗಳಿಗೆ ಅಷ್ಟೇ ಸಾಕು. ಇನ್ನು ತೋಳ ಇದೆ ಎಂಬ ಸುದ್ದಿ ಊರಿಗೆ ಮುಟ್ಟಿದರಂತೂ ಮುಗಿಯಿತು. ಎರಡು ವರ್ಷದ ಹಿಂದೆ ಯಾರೋ ಇಂಥದೇ ಪೊಟರೆಯ ಬಾಯಿಗೆ ಮೆಣಸಿನಕಾಯಿ ಹೊಗೆ ಹಾಕಿದ್ದರು. ಕುರಿ ಕಳೆದುಕೊಂಡವರ ಸಂಕಟ ಸುಮೇಧಾಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವತ್ತು ಒಳಗೆ ಉಸಿರುಗಟ್ಟಿ ಸತ್ತ ಮರಿಗಳನ್ನು ಹೊರಗೆ ತೆಗೆದವಳು ಅವಳೇ. ಇನ್ನೊಮ್ಮೆ ಆ ಕೆಲಸ ಮಾಡುವ ಶಕ್ತಿ ಅವಳಿಗಿರಲಿಲ್ಲ.

“ಇಲ್ಲೇ ಗೇಟಿನ ಬಾಜೂಕ ಚೆಲ್ಲಿಬಿಡ್ರಿ ಆಯಿ,” ಎಂದಳು. ನಿಯಮ ಮುರಿದರೂ ಪರವಾಗಿಲ್ಲ, ಬೇಗ ಮುಗಿಯಲಿ.

“ಇಲ್ಲಿ ಬನ್ನಿ ಗಿಡ ಎಲ್ಲದ?” ಎಂದಳು ಸಂಗಮ್ಮ. “ಬನ್ನಿ ಬುಡಕ ಪಾಂಡವರಂತ ಐದು ಕಲ್ಲಿಟ್ಟು ಪೂಜಾ ಮಾಡಬೇಕು. ಆಮ್ಯಾಲೆ ಚರಗ.” ಹಣೆಗೆ ಕೈಯಡ್ಡ ಹಿಡಿದು ಬಯಲಿನ ಉದ್ದಗಲ ನೋಡಿದವಳು ಪಡುವಣಕ್ಕೆ ಬೆರಳು ತೋರಿಸಿದಳು. “ಅಕಾ, ಅಲ್ಲದ ನೋಡು.”

ಇಡೀ ಬಯಲಿನಲ್ಲಿ ಕಣ್ಣಿಗೆ ಕಾಣುವ ಒಂದೇ ಒಂದು ಬನ್ನಿ ಗಿಡ. ನಾಲೆಯ ದಂಡೆಯ ಮೇಲೆ, ಪೊಟರೆಯ ನೆತ್ತಿಗೆ ಸರಿಯಾಗಿ ನಿಂತಿತ್ತು. ಸುಮೇಧಾ ಮನಸ್ಸಿನಲ್ಲೇ ಹಣೆ ಹಣೆ ಬಡಿದುಕೊಂಡಳು.

“ಆ ಕಡೆ ಬ್ಯಾಡ್ರಿ. ಹೆಜ್ಜೇನು ಕಟ್ಟ್ಯಾವ.”

ಸುಳ್ಳು ಹೇಳಿ ರೂಢಿಯಿಲ್ಲದವರು ಹೇಳಬಾರದು. ಶಂಕರಲಿಂಗನ ಮುಖ ಅರಳಿತು. “ಜೇನೇನ್ರಿ? ಭಾಳ ಛಲೋ ಆಯ್ತು. ಪ್ಯೂರ್ ಮಾಲು ಎಲ್ಲಿ ಸಿಗ್ತದ ಈಗ! ಏ, ಆ ಖಾಲಿ ಡಬ್ಬಿ ತಗೋರಿ.”

“ಜೇನು ಅಷ್ಟ ಅಲ್ರಿ, ಹಾವೂ ಅದ. ದೊಡ್ಡ ನಾಗರಹಾವು.”

ಹುಡುಗರು ಹೋ ಎಂದು ಕುಣಿದರು. ಒಬ್ಬ ಆಗಲೇ ಮೊಬೈಲ್ ತೆಗೆದು ಕ್ಯಾಮೆರಾ ಹಚ್ಚಿದ. ಹೆಂಗಸರೊಳಗೆ ಒಬ್ಬಳು ಎರಡೂ ಕೈ ಮುಗಿದು, ಅಮಾವಾಸ್ಯೆಯ ದಿನ ಬನ್ನಿ ಬುಡಕ್ಕೆ ನಾಗಪ್ಪನೂ ಇದ್ದಾನೆಂದರೆ ಪುಣ್ಯ ಎಂದಳು. ಪುಣ್ಯಕ್ಕೆ ಬುಟ್ಟಿಯಲ್ಲಿ ಹಾಲೂ ಇತ್ತು.

“ಆ ಕಡೆ ಯಾರನ್ನೂ ಬಿಡಬ್ಯಾಡ ಅಂತ ಸಾಹೇಬ್ರ ಆರ್ಡರ್ ಅದ ರಿ!” ಎಂದಳು ಸುಮೇಧಾ, ದನಿ ಏರಿಸಿ.

“ಯಾವ ಸಾಹೇಬ್ರು? ನಂಬರ್ ಕೊಡ್ರಿ. ನಾ ಮಾತಾಡ್ತೀನಿ.” ಶಂಕರಲಿಂಗ ನಂಬರ್ ಪಡೆದು, ತನ್ನ ಸಿಮ್ಮಿಗೆ ನೆಟ್‌ವರ್ಕ್ ಸಿಗದೆ, ಒಂದು ಬಂಡೆಯ ಮೇಲೆ ಹತ್ತಿ ಬಯಲು ಗುಂಯ್‌ಗುಡುವಂತೆ ಹಲೋ ಹಲೋ ಎಂದು ಕಿರುಚತೊಡಗಿದ. ಗದ್ದಲ ತಡೆಯಹೋದದ್ದಕ್ಕೆ ಸಿಕ್ಕ ಫಲ ಇದು. ಸುಮೇಧಾಗೆ ಅಲ್ಲೇ ಕೂತು ಅಳಬೇಕೋ, ಎಲ್ಲರನ್ನೂ ಮತ್ತೆ ಗಾಡಿಗೆ ತುಂಬಿ ಬಾಗಿಲು ಜಡಿಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಸಂಗಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಪಡುವಣಕ್ಕೆ ನಡೆದೇಬಿಟ್ಟಿದ್ದಳು. ಅವಳ ಹಿಂದೆ ಗಡಿಗೆ, ಬುಟ್ಟಿ, ಸೀರೆಗಳ ಸಾಲು.

ಸುಮೇಧಾ ಓಡಿ ಮುಂದೆ ಬಂದಳು. ಹೋಗಲಿ, ದಾರಿಯಲ್ಲಾದರೂ ತಡೆಯೋಣ ಎಂದು ಮಕ್ಕಳಿಗೆ ಹೆಜ್ಜೆ ಗುರುತಿನ ಆಟ ಕೊಟ್ಟಳು. ಯಾವ ಪ್ರಾಣಿಯ ಹೆಜ್ಜೆ ಹೇಗಿರುತ್ತದೆ ಎಂದು ಅವಳೇ ಕೂತು ಬರೆದ ಚಿತ್ರದ ಕಾರ್ಡುಗಳಿದ್ದವು. ಮಕ್ಕಳು ಕಾರ್ಡು ಹಿಡಿದು ಧೂಳಿನಲ್ಲಿ ಹೆಜ್ಜೆ ಹುಡುಕಬೇಕು. ಗಂಟೆಗಟ್ಟಲೆ ಹಿಡಿಯುವ ಆಟ. ಆದರೆ ಮಕ್ಕಳು ಎರಡು ನಿಮಿಷಕ್ಕೆ ಕಾರ್ಡಿನಿಂದ ಗಾಳಿ ಬೀಸಿಕೊಳ್ಳತೊಡಗಿದರು. ಶಂಕರಲಿಂಗನ ಮಗಳು ಭುವನೇಶ್ವರಿ ಒಬ್ಬಳು ಮಾತ್ರ ನೆಲಕ್ಕೆ ಮೂಗು ಹಚ್ಚಿ ನಡೆಯುತ್ತಿದ್ದಳು.

ಪಕ್ಕದಲ್ಲಿ ಸಂಗಮ್ಮನ ವಿಚಾರಣೆ ಬೇರೆ. “ಯಾರ ಪೈಕಿ ಬಾಯಿ ನೀ?”

ಈ ಪ್ರಶ್ನೆ ಸುಮೇಧಾ ದಿನಾ ಕೇಳುವಂಥದ್ದು. ಖಾಕಿ ಅಂಗಿಯ ಒಳಗೆ ಇರುವವರು ಯಾವ ಓಣಿಯವರು ಎಂದು ತಿಳಿಯದೆ ಕೆಲವರಿಗೆ ಒಂದು ಹೆಜ್ಜೆ ಇಡಲಾಗುವುದಿಲ್ಲ. “ಮೋರಖಂಡಿ ಅಂಬಾದಾಸನ ಮಗಳು. ಬೌದ್ಧರು,” ಎಂದಳು, ಮುಂದಿನ ಪ್ರಶ್ನೆಗೂ ಸೇರಿಸಿ. “ನಮ್ಮವ್ವನ ತವರು ನಿಮ್ಮ ದುಬಲಗುಂಡಿನ. ದ್ರೌಪತಿ ಅಂತ.”

ಸಂಗಮ್ಮ ನಿಂತೇಬಿಟ್ಟಳು. “ನಮ್ಮ ದ್ರೌಪತಿ ಮಗಳೇನು ನೀ? ಯವ್ವಾ, ಆಕಿ ದನಿ! ನಮ್ಮ ಯಜಮಾನ್ರು ಮುಂದ ಕೂಗಿದ್ರ ಹಿಂದ ನಿಮ್ಮವ್ವ ಓಗೊಡ್ತಿದ್ಳು. ಆಕಿ ಒದರಿದ್ದು ಬಾಜೂ ಊರಿಗಿ ಕೇಳಸ್ತಿತ್ತು.”

ಸುಮೇಧಾಗೆ ಮೈ ಉರಿಯಿತು. ಅವ್ವನೂ ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದಳು. ಯಾರದೋ ಹೊಲ, ಯಾರದೋ ಭಜ್ಜಿ. ಅವ್ವ ಹಿಂದೆ ಹಿಂದೆ ಓಗೊಡುತ್ತ ನಡೆಯಬೇಕು. ಎಲ್ಲರದೂ ಮುಗಿದ ಮೇಲೆ ಬದುವಿನ ಆಚೆ ಕೂತು, ಮೇಲಿನಿಂದ ಹಾಕಿದ್ದನ್ನು ಸೆರಗಿನಲ್ಲಿ ಹಿಡಿದು ತಿನ್ನಬೇಕು. ಅದರಲ್ಲಿ ಹೆಮ್ಮೆ ಪಡುವುದೇನಿತ್ತೋ ಸುಮೇಧಾಗೆ ಈ ವಯಸ್ಸಿಗೂ ತಿಳಿದಿಲ್ಲ. ಕೇಳಿದರೆ ಅವ್ವ, ದನಿ ನನ್ನದಲ್ಲೇನು ಎನ್ನುತ್ತಿದ್ದಳು.

“ಮೇಡಂ!” ಭುವನೇಶ್ವರಿ ಮುಂದಿನಿಂದ ಕೂಗಿದಳು. “ತೋಳ! ತೋಳದ ಹೆಜ್ಜಿ!”

ಸುಮೇಧಾ ಓಡಿದಳು. ಹುಡುಗಿ ಸರಿಯಾಗಿ ಹೇಳಿದ್ದಳು. ಮೆತ್ತನೆಯ ಧೂಳಿನಲ್ಲಿ ಬೆಳಗಿನ ಹೊಸ ಹೆಜ್ಜೆ, ನಾಲೆಯ ಕಡೆಗೆ ನೇರ.

“ನಾಯಿದು ಅದ ಪುಟ್ಟಿ.”

“ಅಲ್ರಿ. ನಾಯಿದು ಗುಂಡಗ ಇರ್ತದ, ತೋಳದ್ದು ಉದ್ದ ಇರ್ತದ ಅಂತ ಕಾರ್ಡಿನ್ಯಾಗ ಬರದದ.”

ಆ ಕಾರ್ಡು ಬರೆದವಳ ಮೇಲೆ ಸುಮೇಧಾಗೆ ಕೆಟ್ಟ ಸಿಟ್ಟು ಬಂತು. “ನಾಯಿ ಅಂದೆನಲ್ಲ,” ಎಂದು ಬೂಟುಗಾಲನ್ನು ಹೆಜ್ಜೆಯ ಮೇಲೆ ಇಟ್ಟು ಒರೆಸಿಬಿಟ್ಟಳು. ಹುಡುಗಿ ಕಾರ್ಡನ್ನು ನೋಡಿದಳು, ಬೂಟನ್ನು ನೋಡಿದಳು. ಕಣ್ಣು ತುಂಬಿಕೊಂಡವು. ಇಡೀ ದಿನದಲ್ಲಿ ತನ್ನ ಮಾತು ಕಿವಿಗೆ ಹಾಕಿಕೊಂಡಿದ್ದ ಒಂದೇ ಜೀವವನ್ನು ಹೀಗೆ ಅಳಿಸಿದ್ದಕ್ಕೆ ಸುಮೇಧಾಗೆ ತನ್ನ ಮೇಲೇ ಹೇಸಿಗೆಯಾಯಿತು.

ಸಂಗಮ್ಮ ಎಲ್ಲವನ್ನೂ ನೋಡಿದ್ದಳು. ಮಂದಿಯನ್ನೆಲ್ಲ ಒಂದು ಬಾರೆ ಕಂಟಿಯ ನೆರಳಿಗೆ ಕಳಿಸಿ, ಸುಮೇಧಾಳ ರಟ್ಟೆ ಹಿಡಿದು ಪಕ್ಕಕ್ಕೆ ಕರೆದಳು. “ಮುಂಜಾನಿಂದ ಮೂರು ಸುಳ್ಳು ಹೇಳೀದಿ. ಜೇನಂದಿ, ಹಾವಂದಿ, ಸಾಹೇಬಂದಿ. ನಾಕನೇದು ಕಾಲಾಗ ತುಳದಿ. ಖರೆ ಹೇಳು, ಏನದ ಅಲ್ಲಿ?”

ಹೇಳಿದರೆ ಸಂಜೆಗೆ ಹುಮನಾಬಾದ್ ಬಸ್ ಸ್ಟ್ಯಾಂಡಿನವರೆಗೂ ಸುದ್ದಿ. ಹೇಳದಿದ್ದರೆ ಇನ್ನು ಹತ್ತೇ ಮಿನಿಟಿಗೆ ಪೊಟರೆಯ ನೆತ್ತಿಯ ಮೇಲೆ ಈ ಜಾತ್ರೆ. ಸುಮೇಧಾಗೆ ಸಾಕು ಸಾಕಾಗಿತ್ತು. ಸುಳ್ಳು ಕಟ್ಟುವ ಚೈತನ್ಯವೇ ಉಳಿದಿರಲಿಲ್ಲ.

“ತೋಳ ಅದ ರಿ ಆಯಿ. ಹಡದದ. ಆ ಬನ್ನಿ ಕೆಳಗ ಪೊಟರ್ಯಾಗ ಮರಿ ಅವ, ಭಾಳ ಸಣ್ಣವು. ನೀವು ಕೂಗಿದ್ರ ಬೆದರಿ ಮರಿ ಹೊತಗೊಂಡು ಹೊರಗ ಬೀಳ್ತದ, ನಾಯಿ ಹರಿದು ಹಾಕ್ತಾವ. ಊರಾಗ ಹೇಳಿದ್ರ ಹೊಗಿ ಹಾಕಿ ಕೊಲ್ತಾರ. ಏನ್ ಮಾಡ್ತೀರಿ ಮಾಡ್ರಿ.”

ಸಂಗಮ್ಮ ಬನ್ನಿ ಗಿಡವನ್ನು ನೋಡುತ್ತ ನಿಂತಳು. “ನಮ್ಮ ಮಾವನ ಎರಡು ಕುರಿ ತೋಳ ತಿಂದಿತ್ತು,” ಎಂದಳು.

ಮುಗಿಯಿತು ಎಂದುಕೊಂಡಳು ಸುಮೇಧಾ.

“ಹೊಟ್ಟಿಗೇನು ಸಿಗ್ತದ ಅದಕ್ಕ?”

“ಏನ್ರಿ?”

“ಬಾಣಂತಿ ಹೊಟ್ಟಿ ಸುಡ್ತಿರ್ತದಲ್ಲ. ಮರಿ ಬಿಟ್ಟು ಹ್ಯಾಂಗ ಹೋಗ್ತದ ತಿನ್ನಾಕ?”

“ಗಂಡು ತೋಳ ತಂದು ಹಾಕ್ತದ ರಿ.”

“ಹೌದಾ?” ಸಂಗಮ್ಮ ಬಂಡೆಯ ಮೇಲೆ ಇನ್ನೂ ಹಲೋ ಎನ್ನುತ್ತಿದ್ದ ಮಗನನ್ನೊಮ್ಮೆ ತಿರುಗಿ ನೋಡಿದಳು. “ಪರವಾಯಿಲ್ಲ,” ಎಂದಳು. ಆಮೇಲೆ ಬಾರೆ ಕಂಟಿಯ ಕಡೆಗೆ ದಾಪುಗಾಲು ಹಾಕಿ, ಬುಟ್ಟಿ ಇಳಿಸಲು ಹೇಳಿದಳು. ಇಲ್ಲೇ ಪೂಜೆ, ಇಲ್ಲೇ ಊಟ.

ಮಗ ಬಂಡೆಯಿಂದ ಇಳಿದು ಓಡಿ ಬಂದ. “ಬನ್ನಿ ಬೇಕಂದಿದ್ದಿ?”

“ಆ ಗಿಡಕ್ಕ ಪುರುಡು ಅದ.”

“ಪುರುಡಾ? ನಮ್ಮೊಳಗ ಹಡದ ಮೈಲಿಗಿ ಎಲ್ಲಿಂದ ಬಂತು ಯವ್ವಾ? ಬಸವಕಲ್ಯಾಣಕ್ಕ ಹೋದಾಗೆಲ್ಲ ನೀನೇ ಹೇಳ್ತಿ, ಶರಣರಿಗಿ ಸೂತಕಿಲ್ಲಂತ.”

“ಶರಣರಿಗಿಲ್ಲ. ಗಿಡಕ್ಕದ. ಕೂಡು ಕೆಳಗ.”

ಶಂಕರಲಿಂಗ ಕೂತ. ಉಳಿದವರೂ ಕೂತರು. ಬೆಳಗಿನಿಂದ ತಾನು ಹೆಣೆದ ಒಂದು ಸುಳ್ಳಿಗೂ ಜಗ್ಗದ ಈ ಮಂದಿ, ತಲೆಬುಡವಿಲ್ಲದ ಈ ಒಂದು ಮಾತಿಗೆ ಮಂಡಿಯೂರಿದ್ದನ್ನು ಕಂಡು ಸುಮೇಧಾಗೆ ಸಮಾಧಾನವಾಗುವ ಬದಲು ಹೊಟ್ಟೆ ಉರಿಯಿತು. ಎರಡು ವಾರ ಟ್ರೇನಿಂಗ್ ಕೊಟ್ಟಿದ್ದರು ಅವಳಿಗೆ, ಜನರಿಗೆ ತಿಳಿಹೇಳುವುದು ಹೇಗೆಂದು. ದಂಡ!

ಐದು ಕಲ್ಲಿಟ್ಟರು, ಸುಣ್ಣ ಹಚ್ಚಿದರು, ಪೂಜೆಯಾಯಿತು. ಸಂಗಮ್ಮ ಚರಗದ ಬುಟ್ಟಿ ಎತ್ತಿ ಸೊಂಟಕ್ಕೆ ಇಟ್ಟಳು. “ಯಾರೂ ಒದರಬಾರದು,” ಎಂದಳು. “ಉಸಿರು ಬಿಟ್ಟರೂ ಸಾವಕಾಶ ಬಿಡ್ರಿ.”

ಮೊದಲ ಹಿಡಿ ಭಜ್ಜಿಯನ್ನು ಚೆಲ್ಲಿದಾಗ ಅವಳ ಬಾಯಿ ತಾನಾಗಿ ತೆರೆಯಿತು. ಕೊರಳ ನರ ಉಬ್ಬಿತು. ಮದುವೆಯಾಗಿ ಬಂದಾಗಿನಿಂದ ವರ್ಷ ವರ್ಷವೂ ಚರಗದ ಜೊತೆ ಕೂಗು ಕೇಳಿದ ದೇಹ ಅದು. ಗಂಡ ಹೋದ ಮೇಲೆ ಅವಳೇ ಕೂಗಿದವಳು. ಸೆರಗನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡಳು. ಹಾಗೇ ಇನ್ನೊಂದು ಕೈಯಿಂದ ಚೆಲ್ಲುತ್ತ ನಡೆದಳು. ಹಿಂದಿನಿಂದ ಇಡೀ ಮನೆತನ, ಚಪ್ಪಲಿಯನ್ನೂ ಕಳಚಿಟ್ಟು, ಕಳ್ಳರ ಹಾಗೆ ಹೆಜ್ಜೆಯಿಡುತ್ತ ಬಂತು. ಒಣ ಹುಲ್ಲಿನ ಮೇಲೆ ರೊಟ್ಟಿ ಚೂರು ಬೀಳುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಸಂರಕ್ಷಿತ ಪ್ರದೇಶದ ತುಂಬ ಭಜ್ಜಿ ಚೆಲ್ಲಿತ್ತು, ಸಾಹೇಬರು ಕಂಡರೆ ಕೆಲಸ ಉಳಿಯುತ್ತಿರಲಿಲ್ಲ. ಸುಮೇಧಾ ಆಗ ಅದನ್ನು ಯೋಚಿಸಲಿಲ್ಲ. ದುರ್ಬೀನು ಎತ್ತಿ ನಾಲೆಯ ಕಡೆಗೇ ನೋಡುತ್ತಿದ್ದಳು. ಪೊಟರೆಯಿಂದ ಏನೂ ಹೊರಗೆ ಬರಲಿಲ್ಲ.

ಊಟಕ್ಕೆ ಕೂತಾಗ ಸಂಗಮ್ಮ ಮೊದಲ ಎಲೆ ಸುಮೇಧಾಗೆ ಹಾಕಿಸಿದಳು, ತನ್ನ ಪಕ್ಕದಲ್ಲೇ. ಒಳಗೆ ಊಟ ನಿಷೇಧ ಎಂದಳು ಸುಮೇಧಾ. ಯಾರೂ ಕೇಳಿಸಿಕೊಳ್ಳಲಿಲ್ಲ. ಭಜ್ಜಿ ಹಾಳಾದ್ದು ಬಹಳ ರುಚಿಯಾಗಿತ್ತು. ಎರಡು ತುತ್ತು ಉಂಡು, ಅವಳು ಎದ್ದು ಹೋಗಿ ಭುವನೇಶ್ವರಿಯ ಕಿವಿಯಲ್ಲಿ, ನೀ ಹೇಳಿದ್ದೇ ಖರೆ, ಯಾರಿಗೂ ಹೇಳಬೇಡ ಎಂದಳು. ಹುಡುಗಿ ಕಾರ್ಡನ್ನು ಎದೆಗೆ ಒತ್ತಿಕೊಂಡಳು.

ಗಾಡಿ ಹತ್ತುವಾಗ ಸಂಗಮ್ಮ ಮತ್ತೆ ರಟ್ಟೆ ಹಿಡಿದಳು. “ಕೂಗದ ಚರಗ ಅರ್ಧ ಚರಗ. ಉಳಿದಿದ್ದು ನಿನ್ನ ಮ್ಯಾಲದ. ಅದು ಮರಿ ಕಟಗೊಂಡು ಹೋದಮ್ಯಾಲೆ ನೀ ಬನ್ನಿ ಬುಡಕ ನಿಂತು ನನ್ನ ಹೆಸರಿನ್ಯಾಗ ಕೂಗಬೇಕು.”

“ನಾ ಯಾಕ ಕೂಗ್ಲಿ ರಿ? ಹೊಲ ನಂದಲ್ಲ, ಹಬ್ಬ ನಂದಲ್ಲ.”

“ದ್ರೌಪತಿ ಮಗಳಲ್ಲೇನು ನೀ?”

ಅದೇ ಬೇಡವಾಗಿತ್ತು ಸುಮೇಧಾಗೆ. ಹೋದರೆ ಸಾಕೆಂದು ಹೂಂ ಎಂದಳು. ಗಾಡಿ ಗೇಟು ದಾಟಿ ಬಹಳ ದೂರ ಹೋಗುವವರೆಗೂ ಸ್ಪೀಕರ್ ಹಚ್ಚಲಿಲ್ಲ.

ಅವತ್ತಿನಿಂದ ಶುರುವಾಯಿತು ಸಂಗಮ್ಮನ ಫೋನಿನ ಕಾಟ. ಬಾಣಂತಿ ಹೇಗಿದ್ದಾಳೆ? ಮರಿ ಕಣ್ಣು ಬಿಟ್ಟವೇ? ಥಂಡಿ ಬಹಳ ಬಿದ್ದಿದೆ, ಪೊಟರೆಯೊಳಗೆ ಬೆಚ್ಚಗಿರುತ್ತದೆಯೇ? ಗಂಡು ತೋಳ ಮನೆಗೆ ಬರುತ್ತಿದೆ ತಾನೇ? ಸುಮೇಧಾ ಉಣ್ಣಲು ಕೂತಾಗ ಬರುತ್ತಿತ್ತು, ಬಸ್ಸು ಹತ್ತುವಾಗ ಬರುತ್ತಿತ್ತು. ಒಮ್ಮೆ ಸಾಹೇಬರ ಮೀಟಿಂಗಿನ ನಡುವೆ ಬಂತು. ಕಟ್ ಮಾಡಿದರೆ ಮತ್ತೆ ಮಾಡುತ್ತಿದ್ದಳು. ತನ್ನ ಪಕ್ಕಕ್ಕೆ ಯಾರಾದರೂ ಬಂದರೆ ಮುದುಕಿ ತಟ್ಟನೆ ಮೊಮ್ಮಗಳ ಪರೀಕ್ಷೆಯ ಮಾತು ತೆಗೆಯುತ್ತಿದ್ದಳು. ಅದು ಮಾತ್ರ ಸುಮೇಧಾಗೆ ಒಪ್ಪಿಗೆಯಾಯಿತು. ಹುಮನಾಬಾದಿನಲ್ಲಿ ಒಬ್ಬರಿಗೂ ಸುದ್ದಿ ತಿಳಿಯಲಿಲ್ಲ. ಮೆಣಸಿನಕಾಯಿ ಹಿಡಿದು ಯಾರೂ ಬರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಒಂದು ಬೆಳಿಗ್ಗೆ ಪೊಟರೆ ಖಾಲಿಯಾಗಿತ್ತು. ನಾಲೆಯ ಮರಳಿನಲ್ಲಿ ದೊಡ್ಡ ಹೆಜ್ಜೆಯ ಅಕ್ಕಪಕ್ಕ ಚಿಕ್ಕ ಚಿಕ್ಕ ಹೆಜ್ಜೆಗಳು, ಒಂದೂ ಕಡಿಮೆಯಿಲ್ಲದೆ, ತಾವಾಗಿಯೇ ನಡೆದು ಹೋಗಿದ್ದವು. ಸುಮೇಧಾ ಮೊಣಕಾಲೂರಿ ಅವನ್ನು ನೋಡುತ್ತಿರುವಾಗಲೇ ಫೋನು ಬಂತು.

“ಹೋದ್ಳಾ?” ಎಂದಳು ಸಂಗಮ್ಮ.

“ಹೋದ್ಳು ರಿ. ಎಲ್ಲಾ ಮರಿ ಕಟಗೊಂಡು ಹೋದ್ಳು.”

ಆ ಕಡೆ ಮಾಳಿಗೆಯ ಮೆಟ್ಟಿಲು ಹತ್ತುವ ಸದ್ದು ಕೇಳಿತು. “ಹಂಗಾದ್ರ ಕೂಗು.”

“ಆಯಿ, ನನಗ ಕೆಲಸ ಅದ ರಿ.”

“ಕೂಗಿ ಕೆಲಸಕ್ಕ ಹೋಗು. ನಾ ಫೋನ್ ಹಿಡದೀನಿ.”

ಬೈದುಕೊಳ್ಳುತ್ತ ದಂಡೆ ಹತ್ತಿ ಬನ್ನಿಯ ಬುಡಕ್ಕೆ ನಿಂತಳು. ಸುತ್ತ ಯಾರೂ ಇಲ್ಲವೆಂದು ಎರಡು ಸಲ ನೋಡಿದಳು. ಫೋನನ್ನು ಮುಂದೆ ಹಿಡಿದು, “ಓಲಗ್ಯಾ ಓಲಗ್ಯಾ,” ಎಂದಳು, ಹಾಜರಿ ಹೇಳುವ ಶಾಲೆಯ ಹುಡುಗಿಯ ದನಿಯಲ್ಲಿ.

“ಕೇಳಸ್ಲಿಲ್ಲ.”

“ಓಲಗ್ಯಾ! ಓಲಗ್ಯಾ!”

“ನೆಲಕ್ಕ ಕೇಳಸ್ಬೇಕು ಬಾಯಿ, ಫೋನಿಗಲ್ಲ.”

ಸುಮೇಧಾಗೆ ರೇಗಿಹೋಯಿತು. ಈ ಮುದುಕಿಯ ಮೇಲೆ, ಸ್ಪೀಕರಿನ ಮೇಲೆ, ಹೊಸ ಚಪ್ಪಲಿಗಳ ಮೇಲೆ, ಬದುವಿನ ಆಚೆ ಕೂತು ಉಂಡದ್ದನ್ನು ನಗುತ್ತ ಹೇಳುವ ಅವ್ವನ ಮೇಲೆ, ಮೂರು ತಿಂಗಳು ಎದೆಯಲ್ಲಿ ಹೊತ್ತ ಹೆದರಿಕೆಯ ಮೇಲೆ ಇದ್ದ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ, ತಲೆ ಮೇಲೆತ್ತಿ ಕೂಗಿದಳು. “ಓಲಗ್ಯಾ… ಓಲಗ್ಯಾ…”

ಬಯಲಿನ ಆ ತುದಿಯಲ್ಲಿ ಕೃಷ್ಣಮೃಗಗಳು ತಲೆಯೆತ್ತಿದವು. ಅಷ್ಟು ದೊಡ್ಡ ದನಿ ತನ್ನೊಳಗೆ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ.

ಆಗ ಕೈಯಲ್ಲಿದ್ದ ಫೋನಿನೊಳಗಿಂದ, ಹುಮನಾಬಾದಿನ ಯಾವುದೋ ಮಾಳಿಗೆಯ ಮೇಲೆ ನಿಂತು, ದುಬಲಗುಂಡಿಯ ಹೊಲದೊಡತಿ ಸಂಗಮ್ಮ ಗಂಟಲು ಹರಿಯುವಂತೆ ಓಗೊಟ್ಟಳು. “ಚಲ್ಲಂ ಪೊಲಗ್ಯಾ…”

ಸುಮೇಧಾ ಫೋನನ್ನೇ ನೋಡುತ್ತ ನಿಂತಳು. ಓಗೊಡುವುದು ಅವ್ವನ ಪಾಲಿನ ಕೆಲಸವಾಗಿತ್ತು. ಮುಂದೆ ನಿಂತು ಕೂಗುವ ಸರದಿ ಅವ್ವನಿಗೆ ಒಮ್ಮೆಯೂ ಬಂದಿರಲಿಲ್ಲ.

“ಯಾಕ ನಿಂತಿ?” ಎಂದಳು ಸಂಗಮ್ಮ, ಏದುಸಿರು ಬಿಡುತ್ತ. “ಮುಂದ ಕೂಗು. ನಾ ಹಿಂದ ಅದೀನಿ.”

ಸುಮೇಧಾ ಮೂಗೊರೆಸಿಕೊಂಡು, ಬನ್ನಿಯ ದಂಡೆಯಿಂದ ಕೆಳಗಿಳಿದು, ಮರಿಗಳ ಹೆಜ್ಜೆ ಹೋದ ದಾರಿ ಹಿಡಿದು ನಡೆಯುತ್ತ ಮತ್ತೆ ಕೂಗಿದಳು.